ಬಿಡುವಿನ ಲೆಕ್ಕ: ಕಾಳಗದ ಮಟ್ಟ

ಕಳೆದ ಸಂಚಿಕೆಯಲ್ಲಿ ಚಕ್ರಬಡ್ಡಿಯ ಲೆಕ್ಕ ಮುಗಿಸಿದೆವು. ಈ ಸಲದ ಲೆಕ್ಕ ಹಿರಿಯರಿಗೆ ಹೊಸದು, ಮನೆಯ ಹುಡುಗರಿಗೆ ಹಳೆಯದು. ಗಣಕಯಂತ್ರದ ಮುಂದೆ ಕುಳಿತ ಮಗ ಊಟಕ್ಕೆ ಕರೆದರೂ ಏಳದೆ, "ಇನ್ನೊಂದೇ ಒಂದು ಲೆವೆಲ್" ಎನ್ನುವುದನ್ನು ಕೇಳದ ತಂದೆತಾಯಿಗಳು ನಮ್ಮಲ್ಲಿ ವಿರಳ. ಆ ಲೆವೆಲ್ ಎಂದರೇನು? ಅದು ಎಲ್ಲಿಂದ ಹುಟ್ಟುತ್ತದೆ? ಕಾಗದ ಪೆನ್ಸಿಲು ಹಿಡಿದು ನಾವೂ ಅದನ್ನು ಎಣಿಸಬಹುದೆ? ಧಾರಾಳವಾಗಿ ಎಣಿಸಬಹುದು. ತಿಂಗಳ ಸಂಬಳದ ಪಟ್ಟಿ ಮಾಡಬಲ್ಲವರಿಗೆ ಇದು ಎಡಗೈಯ ಕೆಲಸ.

ಉದಾಹರಣೆಗೆ ರೂನ್‌ಸ್ಕೇಪ್ ಎಂಬ ಆಟವನ್ನು ತೆಗೆದುಕೊಳ್ಳೋಣ. ಗೋವರ್ ಸಹೋದರರು ಇಂಗ್ಲೆಂಡಿನಲ್ಲಿ ಇದನ್ನು 2001ರ ಜನವರಿಯಲ್ಲಿ ಹೊರತಂದರು; ಈಗ ಕೇಂಬ್ರಿಜ್ ನಗರದ ಜ್ಯಾಗೆಕ್ಸ್ ಸಂಸ್ಥೆ ನಡೆಸುತ್ತಿದೆ. ಆಟ ಬದಲಾಗುತ್ತ ಹೋದಂತೆ "ಹಳೆಯದೇ ಚೆನ್ನಾಗಿತ್ತು" ಎಂಬ ಕೂಗು ಎದ್ದಿತು. ಸಂಸ್ಥೆಯ ಬಳಿ 2007ರ ಆಗಸ್ಟ್ ತಿಂಗಳ ಪ್ರತಿಯೊಂದು ಉಳಿದಿತ್ತು. ಅದನ್ನೇ 2013ರ ಫೆಬ್ರವರಿಯಲ್ಲಿ "ಓಲ್ಡ್ ಸ್ಕೂಲ್" ಎಂಬ ಹೆಸರಿನಿಂದ ಮತ್ತೆ ತೆರೆದರು. ನಮ್ಮ ಇಂದಿನ ಲೆಕ್ಕ ಈ ಹಳೆಯ ಶಾಲೆಯದು.

ಇಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಒಂದು ಪಾತ್ರ. ಆ ಪಾತ್ರ ಕಾಡು ಕಡಿಯುತ್ತದೆ, ಮೀನು ಹಿಡಿಯುತ್ತದೆ, ಅಡಿಗೆ ಮಾಡುತ್ತದೆ, ಕಾದಾಡುತ್ತದೆ. ಒಂದೊಂದು ವಿದ್ಯೆಯೂ 1ರಿಂದ 99ರವರೆಗೆ ಬೆಳೆಯುತ್ತದೆ. ಕಾಳಗಕ್ಕೆ ಸೇರಿದವು ಏಳು: ಅಟ್ಯಾಕ್, ಸ್ಟ್ರೆಂತ್, ಡಿಫೆನ್ಸ್, ಹಿಟ್‌ಪಾಯಿಂಟ್ಸ್, ಪ್ರೇಯರ್, ರೇಂಜ್ಡ್, ಮ್ಯಾಜಿಕ್. ನಾವು ಇವನ್ನು ಕ್ರಮವಾಗಿ ದಾಳಿ, ಬಲ, ರಕ್ಷಣೆ, ಪ್ರಾಣ, ಪ್ರಾರ್ಥನೆ, ಬಾಣ, ಮಂತ್ರ ಎನ್ನೋಣ. ಈ ಏಳನ್ನೂ ಅರೆದು ಒಂದೇ ಅಂಕಿ ಮಾಡಿದರೆ ಅದೇ ಕಾಳಗದ ಮಟ್ಟ.

ಒಂದೇ ಅಂಕಿ ಏಕೆ ಬೇಕು? ನಮ್ಮ ಜಾತ್ರೆಯ ಕುಸ್ತಿಯ ಕಣವನ್ನು ನೆನೆಯಿರಿ. ಗರಡಿಯ ಹಿರಿಯರು ಇಬ್ಬರು ಪೈಲವಾನರನ್ನು ನಿಲ್ಲಿಸಿ, ಮೈಕಟ್ಟು ನೋಡಿ, ಜೋಡಿ ಸರಿಯಾಯಿತೆ ಎಂದು ತೂಗುತ್ತಾರೆ. ಆಟದೊಳಗೆ ಆ ಹಿರಿಯರಿಲ್ಲ, ಅವರ ಕೆಲಸವನ್ನು ಈ ಅಂಕಿ ಮಾಡುತ್ತದೆ. ವೈಲ್ಡರ್ನೆಸ್ ಎಂಬ ಬೀಳುಭೂಮಿಯಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಬೀಳಬಹುದು. ಆ ಭೂಮಿಯ ಹತ್ತನೆಯ ಹಂತದಲ್ಲಿ ನಿಂತವನ ಮೇಲೆ ಅವನಿಗಿಂತ ಹತ್ತು ಮಟ್ಟ ಮೇಲಿನವನೂ ಹತ್ತು ಮಟ್ಟ ಕೆಳಗಿನವನೂ ಕೈಮಾಡಬಹುದು, ಅದರಾಚೆಯವರು ಮುಟ್ಟುವಂತಿಲ್ಲ. ಕಾಡುಜೀವಿಗಳಿಗೂ ಈ ಅಂಕಿ ಗೊತ್ತು. ಹಿಲ್ ಜೈಂಟ್ ಎಂಬ ದೈತ್ಯನ ಮಟ್ಟ 28. ಅದರ ಎರಡರಷ್ಟನ್ನು ದಾಟಿದವನನ್ನು, ಅಂದರೆ 57 ಆದವನನ್ನು, ಅವನು ತಾನಾಗಿ ಕೆಣಕುವುದಿಲ್ಲ.

ಇನ್ನು ಲೆಕ್ಕ. ಸಂಬಳದಲ್ಲಿ ಮೂಲವೇತನ ಒಂದು, ಭತ್ಯೆ ಒಂದು ಇರುವಂತೆ ಇಲ್ಲಿಯೂ ಎರಡು ಭಾಗ.

ಮೊದಲನೆಯದು ಮೂಲ. ಪ್ರಾರ್ಥನೆಯನ್ನು ಅರ್ಧ ಮಾಡಿ, ಅರೆಪಾಲು ಉಳಿದರೆ ಬಿಟ್ಟುಬಿಡಿ. ಅದಕ್ಕೆ ರಕ್ಷಣೆಯನ್ನೂ ಪ್ರಾಣವನ್ನೂ ಕೂಡಿಸಿ, 4ರಿಂದ ಭಾಗಿಸಿ.

ಎರಡನೆಯದು ಹೊಡೆತ. ದಾಳಿಗೆ ಬಲವನ್ನು ಕೂಡಿಸಿ, 13ರಿಂದ ಗುಣಿಸಿ, 40ರಿಂದ ಭಾಗಿಸಿ. ಬಾಣದ ಅಂಕಿಯನ್ನು ಒಂದೂವರೆ ಪಟ್ಟು ಮಾಡಿ, ಅರೆಪಾಲು ಬಿಟ್ಟು, ಅದನ್ನೂ 13ರಿಂದ ಗುಣಿಸಿ 40ರಿಂದ ಭಾಗಿಸಿ. ಮಂತ್ರಕ್ಕೂ ಹಾಗೆಯೇ. ಹೀಗೆ ಬಂದ ಮೂರರಲ್ಲಿ ಅತಿ ದೊಡ್ಡದೊಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕೆರಡನ್ನು ಹೊಡೆದುಹಾಕಿ.

ಮೂಲಕ್ಕೆ ಹೊಡೆತವನ್ನು ಸೇರಿಸಿ. ಕೊನೆಗೆ ಉಳಿದ ಭಿನ್ನರಾಶಿಯನ್ನು ಬಿಡಿ. ಕಚೇರಿಯಲ್ಲಿ ಐವತ್ತು ಪೈಸೆ ದಾಟಿದರೆ ರೂಪಾಯಿಗೆ ಏರಿಸುವ ವಾಡಿಕೆಯುಂಟು. ಇಲ್ಲಿ ಆ ಔದಾರ್ಯವಿಲ್ಲ. ತೊಂಬತ್ತೊಂಬತ್ತು ಪೈಸೆಯಾದರೂ ಹೋಯಿತೆಂದೇ ಲೆಕ್ಕ.

ತಾಳೆ ನೋಡೋಣ. ಹೊಸ ಪಾತ್ರಕ್ಕೆ ಪ್ರಾಣ 10, ಮಿಕ್ಕದ್ದೆಲ್ಲ 1. ಮೂಲ 11ರ ನಾಲ್ಕನೆಯ ಒಂದು ಭಾಗ, 2.75. ಹೊಡೆತ 0.65. ಒಟ್ಟು 3.40, ಮಟ್ಟ 3. ಎಲ್ಲವೂ 99 ಆದ ಮಹಾವೀರನಿಗೆ ಮೂಲ 61.75, ಹೊಡೆತ 64.35, ಒಟ್ಟು 126.10; ಮಟ್ಟ 126. ಅದಕ್ಕೆ ಮೇಲೆ ಯಾರೂ ಇಲ್ಲ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಹನ್ನೊಂದನೆಯ ತರಗತಿಯಲ್ಲಿ ಓದುವ ನನ್ನ ಅಣ್ಣನ ಮಗ ತಿಂಗಳುಗಟ್ಟಲೆ ಒಂದು ಪಾತ್ರವನ್ನು ಸಾಕಿದ್ದಾನೆ. ದಾಳಿ 60, ಬಲ 80, ಪ್ರಾಣ 70, ಪ್ರಾರ್ಥನೆ 43. ರಕ್ಷಣೆ ಮಾತ್ರ ಬೇಕೆಂದೇ 1. ಇಂಥವರನ್ನು ಆಟದಲ್ಲಿ "ಪ್ಯೂರ್" ಎನ್ನುತ್ತಾರೆ. ಮೂಲ 23, ಹೊಡೆತ 45.50, ಮಟ್ಟ 68. ಗೆಳೆಯರೆಲ್ಲ ಡ್ರ್ಯಾಗನ್ ಸ್ಲೇಯರ್ ಎಂಬ ಸಾಹಸವನ್ನು ಮುಗಿಸಿದ್ದರು. ಕ್ರ್ಯಾಂಡರ್ ದ್ವೀಪಕ್ಕೆ ಹಡಗಿನಲ್ಲಿ ಹೋಗಿ ಎಲ್ವಾರ್ಗ್ ಎಂಬ ಬೆಂಕಿಯುಗುಳುವ ಘಟಸರ್ಪವನ್ನು ಕೊಲ್ಲುವ ಕಥೆ ಅದು. "ಕಾಕಾ, ನಾನೂ ಮಾಡಲ್ಯೋ ಬ್ಯಾಡೋ? ನೀವು ಲೆಕ್ಕಾ ಹಾಕಿ ಹೇಳ್ರಿ" ಎಂದ.

ಆ ಸಾಹಸದ ಬಹುಮಾನದಲ್ಲಿ ಬಲಕ್ಕೂ ರಕ್ಷಣೆಗೂ 18,650ರಂತೆ ಅನುಭವದ ಅಂಕಗಳಿವೆ. ರಕ್ಷಣೆ 33 ಆಗಲು ಬೇಕಾದದ್ದು 18,247. ಅಂದರೆ ಸಾಹಸ ಮುಗಿದ ಗಳಿಗೆಗೆ 1 ಇದ್ದ ರಕ್ಷಣೆ 33 ಆಗುತ್ತದೆ, ಬೇಡವೆಂದರೂ ಆಗುತ್ತದೆ. 80ಕ್ಕೆ ಬಂದು ನಿಂತ ಬಲಕ್ಕೆ ಅದೇ ಬಹುಮಾನ ಚಹಾಕ್ಕೆ ಹಾಕಿದ ಒಂದು ಸಕ್ಕರೆ ಹರಳು. ಮೂಲ 23ರಿಂದ 31ಕ್ಕೆ ಏರುತ್ತದೆ, ಮಟ್ಟ 68ರಿಂದ 76ಕ್ಕೆ. ಬೀಳುಭೂಮಿಯ ಹತ್ತನೆಯ ಹಂತದಲ್ಲಿ ನಿನ್ನೆಯವರೆಗೆ 78ರವನೇ ಅವನ ಅತಿ ದೊಡ್ಡ ವೈರಿ. ಇಂದು 86ರವನೂ ಬರಬಹುದು. ಕೈಯ ಪೆಟ್ಟು ಮಾತ್ರ ಅಷ್ಟೇ ಇದೆ. ಈ ಸಾಹಸ ಮುಗಿಸಿದವರಿಗೆ ರೂನ್ ಲೋಹದ ಎದೆಕವಚ ತೊಡುವ ಹಕ್ಕು ಬರುತ್ತದಲ್ಲ ಎನ್ನಬಹುದು. ಅದನ್ನು ತೊಡಲು ರಕ್ಷಣೆ 40 ಬೇಕು. 33ಕ್ಕೆ ಅದೂ ದಕ್ಕದು. ಗಳಿಸಿದ ಅನುಭವ ಸತ್ತರೂ ಕಳೆಯುವುದಿಲ್ಲ. ಆದರೆ ಬೀಳುಭೂಮಿಯಲ್ಲಿ ಬೇರೊಬ್ಬನ ಕೈಯಲ್ಲಿ ಸತ್ತವನು ಸಾಮಾನ್ಯವಾಗಿ ಮೂರು ಬೆಲೆಬಾಳುವ ವಸ್ತುಗಳನ್ನುಳಿದು ಮಿಕ್ಕ ಸಾಮಾನನ್ನೆಲ್ಲ ಬಿಟ್ಟು ಬರಬೇಕು. ತಿಂಗಳುಗಳ ದುಡಿಮೆ ಒಂದು ನಿಮಿಷದಲ್ಲಿ ಕೈಬಿಟ್ಟೀತು.

ನಾನು ಲೆಕ್ಕ ಬರೆದುಕೊಟ್ಟೆ, ತೀರ್ಮಾನ ಹೇಳಲಿಲ್ಲ. ಹುಡುಗ ಆ ಚೀಟಿಯನ್ನು ಎರಡು ದಿನ ಇಟ್ಟುಕೊಂಡು, ಸಾಹಸಕ್ಕಾಗಿ ಬೇರೊಂದು ಪಾತ್ರವನ್ನು ಹುಟ್ಟಿಸಿದ. ಹಳೆಯದು 68ರಲ್ಲೇ ಇದೆ.

ಇದರಿಂದ ಕಲಿಯುವುದಿಷ್ಟು: ಅಂಕಿ ಏರಿದ್ದೆಲ್ಲ ಲಾಭವಲ್ಲ. ದಾಳಿಗೋ ಬಲಕ್ಕೋ ಒಂದು ಸೇರಿದರೆ ಮಟ್ಟಕ್ಕೆ 0.325 ಸೇರುತ್ತದೆ, ರಕ್ಷಣೆಗೋ ಪ್ರಾಣಕ್ಕೋ ಸೇರಿದರೆ 0.25, ಪ್ರಾರ್ಥನೆಯಲ್ಲಿ ಎರಡು ಸೇರಿದರೆ 0.25. ಬಾಣದ ಮಾತು ಇನ್ನೂ ಸ್ವಾರಸ್ಯ. ಅಣ್ಣನ ಮಗ ಬಾಣವನ್ನು 93ರವರೆಗೆ ಕಲಿತರೂ ಅದರ ಹೊಡೆತ 45.175 ಅಷ್ಟೆ, ಕತ್ತಿಯ 45.50ನ್ನು ದಾಟದು, ಆದ್ದರಿಂದ ಲೆಕ್ಕಕ್ಕೇ ಬಾರದು. ಹಾಗೆಂದು ಪೂರ್ತಿ ಪುಕ್ಕಟೆಯಲ್ಲ. ಬಾಣ ತಗುಲಿದಂತೆಲ್ಲ ಪ್ರಾಣವೂ ಬೆಳೆಯುತ್ತದೆ, ಅದು ಮೂಲದೊಳಗೆ ನುಸುಳುತ್ತದೆ.

ಶ್ರಮದ ತೂಕವೂ ಇದರಲ್ಲಿಲ್ಲ. ಯಾವುದೇ ವಿದ್ಯೆ 1ರಿಂದ 2ಕ್ಕೆ ಹೋಗಲು 83 ಅಂಕ ಸಾಕು; 98ರಿಂದ 99ಕ್ಕೆ 12,28,825 ಬೇಕು. ಬಲಕ್ಕಾದರೆ ಎರಡಕ್ಕೂ ಸಿಗುವುದು ಅದೇ 0.325. ಇನ್ನು ಕಾಳಗವನ್ನೇ ಮಾಡದೆ ಅಡಿಗೆಯಲ್ಲಿ, ಮೀನುಗಾರಿಕೆಯಲ್ಲಿ 99 ಮುಟ್ಟಿದವರಿದ್ದಾರೆ. ಅವರ ಕಾಳಗದ ಮಟ್ಟ ನೋಡಿದರೆ 3. ನಿನ್ನೆ ಹುಟ್ಟಿದ ಪಾತ್ರಕ್ಕೂ ಅವರಿಗೂ ಆ ಅಂಕಿಯಲ್ಲಿ ವ್ಯತ್ಯಾಸವಿಲ್ಲ.

ಅಂಕಿಯದು ತಪ್ಪಲ್ಲ. ಜೋಡಿ ಕಟ್ಟಲು ಹುಟ್ಟಿದ ಅಂಕಿ ಜೋಡಿ ಕಟ್ಟುತ್ತದೆ, ಅಷ್ಟೆ. ಮಕ್ಕಳ ಪ್ರಗತಿಪತ್ರದ ಕೊನೆಯಲ್ಲಿ ಬರುವ ಶೇಕಡಾವಾರು ಅಂಕವೂ ಇಂಥದೇ. ಕಾಲೇಜಿನ ಬಾಗಿಲಲ್ಲಿ ಅದರ ಕೆಲಸವುಂಟು, ಅದಿಲ್ಲದೆ ನಡೆಯದು. ಆದರೆ ಮುಂಬಯಿಯಲ್ಲಿ ಹುಟ್ಟಿ, ಶಾಲೆಯಲ್ಲಿ ಕನ್ನಡದ ಒಂದು ತಾಸೂ ಇಲ್ಲದೆ, ಊರಿನ ಅಜ್ಜಿಯ ಕಾಗದವನ್ನು ತಡವರಿಸುತ್ತಲಾದರೂ ಓದಿ ಉತ್ತರ ಬರೆಯುವ ಹುಡುಗಿಗೆ ಆ ಶೇಕಡಾದಲ್ಲಿ ಒಂದು ಅಂಕವೂ ಇಲ್ಲ. ಅದನ್ನು ಎಣಿಸಬೇಕಾದವರು ಮನೆಯವರು.

ಇರಲಿ. ವಾಡಿಕೆಯಂತೆ ಮನೆಲೆಕ್ಕವೊಂದು: ದಾಳಿ 50, ಬಲ 50, ರಕ್ಷಣೆ 40, ಪ್ರಾಣ 61, ಪ್ರಾರ್ಥನೆ 31, ಬಾಣ 70, ಮಂತ್ರ 1. ಕಾಳಗದ ಮಟ್ಟವೆಷ್ಟು? ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾಡಿರಿ, ಯಂತ್ರಕ್ಕೆ ಕೇಳಬೇಡಿ. ಒಂದು ಸುಳಿವು: ಕತ್ತಿ ದೊಡ್ಡದೋ ಬಾಣ ದೊಡ್ಡದೋ ಮೊದಲು ನೋಡಿಕೊಳ್ಳಿ. ಉತ್ತರ ಬರುವ ಸಂಚಿಕೆಯಲ್ಲಿ.