ಉಪ್ಪಿನ ಹರಳು ಮತ್ತು ಕಾಣೆಯಾದ ಗೆರೆಗಳು: ಎಕ್ಸ್-ರೇ ನಕ್ಷೆಯಲ್ಲಿ ‘ಇಲ್ಲ’ ಎಂದರೆ ನಿಜವಾಗಿ ಇಲ್ಲವೇ?

ಕಿರಾಣಿ ಅಂಗಡಿಗಳಲ್ಲಿ ಈಗ ಮಾಮೂಲಿ ಉಪ್ಪಿನ ಪಕ್ಕದಲ್ಲೇ ‘ಕಡಿಮೆ ಸೋಡಿಯಂ’ ಉಪ್ಪಿನ ಪೊಟ್ಟಣವೂ ಇರುತ್ತದೆ. ಸಾಮಾನ್ಯವಾಗಿ ಇದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಬಿ.ಪಿ. ಇರುವ ಬಹಳ ಮಂದಿಗೆ ಇದರಿಂದ ಅನುಕೂಲ. ಆದರೆ ಮೂತ್ರಪಿಂಡದ ತೊಂದರೆ ಇರುವವರ ದೇಹದಿಂದ ಪೊಟ್ಯಾಸಿಯಂ ಸರಿಯಾಗಿ ಹೊರಹೋಗುವುದಿಲ್ಲ. ಅದು ರಕ್ತದಲ್ಲಿ ಹೆಚ್ಚಾದರೆ ಹೃದಯದ ಬಡಿತವೇ ಏರುಪೇರಾಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪಿನ ಬಗ್ಗೆ ಮಾರ್ಗಸೂಚಿ ಕೊಟ್ಟಾಗ ಮೂತ್ರಪಿಂಡದ ತೊಂದರೆಯವರು, ಗರ್ಭಿಣಿಯರು ಮತ್ತು ಮಕ್ಕಳನ್ನು ಅದರಿಂದ ಹೊರಗಿಟ್ಟಿತು.

ಎರಡೂ ಬಿಳಿ ಪುಡಿಗಳೇ, ಕಣ್ಣಿಗೆ ವ್ಯತ್ಯಾಸ ತಿಳಿಯದು. ಪ್ರಯೋಗಾಲಯದವರು ತಿಳಿಯುವ ಒಂದು ದಾರಿ ಎಕ್ಸ್-ರೇ ವಿವರ್ತನೆ. ಪುಡಿಯ ಮೇಲೆ ಎಕ್ಸ್-ರೇ ಬಿಟ್ಟು, ಅದು ಯಾವ ಯಾವ ಕೋನದಲ್ಲಿ ಜೋರಾಗಿ ಹೊರಬರುತ್ತದೆ ಎಂದು ನೋಡುತ್ತಾರೆ. ನಕ್ಷೆಯಲ್ಲಿ ಅಲ್ಲಲ್ಲಿ ಗೆರೆಗಳು ಎದ್ದು ನಿಲ್ಲುತ್ತವೆ. ನಾನು ಓದಿದ್ದು ಸಂವಹನ, ಭೌತಶಾಸ್ತ್ರವಲ್ಲ. ಇಂಥ ನಕ್ಷೆಯನ್ನು ಮೊದಲ ಸಲ ನೋಡಿದಾಗ ಗೆರೆ ಇದ್ದರೆ ವಸ್ತು ಇದೆ, ಗೆರೆ ಇಲ್ಲದಿದ್ದರೆ ವಸ್ತು ಇಲ್ಲ ಎಂದೇ ತಿಳಿದಿದ್ದೆ. ಅರ್ಧ ಮಾತ್ರ ಸರಿ.

ಹರಳಿನಲ್ಲಿ ಪರಮಾಣುಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಒಂದು ಪದರದಿಂದ ಚದುರಿದ ಅಲೆಗೂ ಮುಂದಿನ ಪದರದಿಂದ ಚದುರಿದ ಅಲೆಗೂ ಸರಿಯಾಗಿ ಒಂದು ಇಡೀ ಅಲೆಯುದ್ದದ ಅಂತರ ಬಿದ್ದರೆ ಎರಡೂ ಕೂಡಿಕೊಳ್ಳುತ್ತವೆ. ಅದೇ ಗೆರೆ. ಹಾಗಾಗಿ ಗೆರೆ ಎಲ್ಲಿ ಬರಬಹುದು ಎಂಬುದನ್ನು ಪದರಗಳ ನಡುವಿನ ದೂರ ಹೇಳುತ್ತದೆ. ಆದರೆ ಅದು ಬಂದೇ ಬರುತ್ತದೆಯೇ ಎಂಬುದನ್ನು ಆ ಪದರಗಳ ನಡುವೆ ಇನ್ನೇನು ಕುಳಿತಿದೆ ಎಂಬುದು ತೀರ್ಮಾನಿಸುತ್ತದೆ.

ಇದಕ್ಕೆ ಪಂಚಮಿ ಜೋಕಾಲಿಯನ್ನು ನೆನೆಯಿರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ನಿಂತ ಇಬ್ಬರು ಒಂದೇ ಹೊತ್ತಿಗೆ ತಳ್ಳಿದರೆ ಜೋಕಾಲಿ ಮೇಲೇರುತ್ತದೆ. ಒಬ್ಬರು ತಳ್ಳಿ, ಇನ್ನೊಬ್ಬರು ಅರ್ಧ ಸುತ್ತು ತಡವಾಗಿ, ಜೋಕಾಲಿ ತಮ್ಮ ಕಡೆ ಬರುತ್ತಿರುವಾಗ ತಳ್ಳಿದರೆ? ಇಬ್ಬರದೂ ಸಮಬಲವಾದರೆ ಜೋಕಾಲಿ ನಿಂತೇ ಹೋಗುತ್ತದೆ. ಒಬ್ಬ ಗಟ್ಟಿ ಆಳು, ಇನ್ನೊಬ್ಬ ಸಣ್ಣ ಹುಡುಗ ಆದರೆ ಸ್ವಲ್ಪ ಓಲಾಟ ಉಳಿಯುತ್ತದೆ.

ಉಪ್ಪಿನಲ್ಲಿ ನಡೆಯುವುದೂ ಇದೇ. ಸೋಡಿಯಂ ಕ್ಲೋರೈಡಿನ ಹರಳು ಘನಾಕಾರದ ಗೂಡುಗಳಿಂದ ಆಗಿದೆ. ಗೂಡಿನ ಬದಿ 5.64 ಆಂಗ್‌ಸ್ಟ್ರಾಮ್. ಒಂದು ಮಿಲಿಮೀಟರನ್ನು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಆಂಗ್‌ಸ್ಟ್ರಾಮ್. ಗೂಡಿನ ಒಂದು ಮುಖದಿಂದ ಎದುರು ಮುಖದವರೆಗಿನ ಈ ದೂರಕ್ಕೆ, ತಾಮ್ರದಿಂದ ಹೊರಡಿಸಿದ 1.54 ಆಂಗ್‌ಸ್ಟ್ರಾಮ್ ಅಲೆಯುದ್ದದ ಎಕ್ಸ್-ರೇ ಬಳಸಿದರೆ, ಸುಮಾರು 15.7 ಡಿಗ್ರಿಯಲ್ಲಿ ಗೆರೆ ಬರಬೇಕು. ಬರುವುದಿಲ್ಲ. ಏಕೆಂದರೆ ಎರಡು ಮುಖಗಳ ಸರಿಯಾಗಿ ನಡುವೆ ಅಂಥದೇ ಇನ್ನೊಂದು ಪದರವಿದೆ, ಅದರಲ್ಲೂ ಅಷ್ಟೇ ಸೋಡಿಯಂ, ಅಷ್ಟೇ ಕ್ಲೋರಿನ್. ಅದು ಅರ್ಧ ಸುತ್ತು ತಡವಾಗಿ ತಳ್ಳುತ್ತದೆ, ಸಮಬಲದಿಂದ. ಕೋನ ಹೆಚ್ಚಿ 31.7 ಡಿಗ್ರಿಗೆ ಬಂದಾಗ ನಡುವಿನ ಪದರವೂ ಹೊತ್ತಿಗೆ ಸರಿಯಾಗಿ ತಳ್ಳುತ್ತದೆ. ಅಲ್ಲಿ ನಕ್ಷೆಯ ಅತಿ ದೊಡ್ಡ ಗೆರೆ.

ಈಗ ಗೂಡನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ನೋಡಿ. ಈ ದಿಕ್ಕಿನಲ್ಲಿ ಒಂದು ಪದರ ಪೂರ್ತಿ ಸೋಡಿಯಂ, ಅದರ ಮುಂದಿನದು ಪೂರ್ತಿ ಕ್ಲೋರಿನ್. ಎಕ್ಸ್-ರೇಯನ್ನು ಚದುರಿಸುವವು ಇಲೆಕ್ಟ್ರಾನುಗಳು. ಉಪ್ಪಿನೊಳಗಿನ ಸೋಡಿಯಂ ಅಯಾನಿನಲ್ಲಿ 10, ಕ್ಲೋರೈಡಿನಲ್ಲಿ 18. ಎದುರುಬದುರು ತಳ್ಳಿದಾಗ ಸ್ಥೂಲವಾಗಿ 8ರಷ್ಟು ಉಳಿಯುತ್ತದೆ, ಕೂಡಿ ತಳ್ಳಿದರೆ 28. ಗೆರೆಯ ಎತ್ತರ ಇದರ ವರ್ಗವನ್ನು ಅನುಸರಿಸುವುದರಿಂದ 27.4 ಡಿಗ್ರಿಯ ಈ ಗೆರೆ ಗಿಡ್ಡ. ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಜೋಡಣೆ ಇದೇ, ಗೂಡು ಮಾತ್ರ ಸ್ವಲ್ಪ ದೊಡ್ಡದು, 6.29 ಆಂಗ್‌ಸ್ಟ್ರಾಮ್. ಆದರೆ ಪೊಟ್ಯಾಸಿಯಂ ಅಯಾನಿನಲ್ಲೂ 18 ಇಲೆಕ್ಟ್ರಾನು! ಹದಿನೆಂಟರಲ್ಲಿ ಹದಿನೆಂಟು ಕಳೆದರೆ ಸೊನ್ನೆ. ಸುಮಾರು 24.5 ಡಿಗ್ರಿಯಲ್ಲಿ ಇರಬೇಕಾದ ಗೆರೆ ಕಣ್ಣಿಗೆ ಬೀಳುವುದೇ ಇಲ್ಲ.

‘ಕಡಿಮೆ ಸೋಡಿಯಂ’ ಪೊಟ್ಟಣದ ನಕ್ಷೆ ಹಿಡಿದು ಯಾರಾದರೂ ಆ 24.5ರಲ್ಲಿ ಹುಡುಕಿದರೆ ‘ಪೊಟ್ಯಾಸಿಯಂ ಇಲ್ಲ’ ಎಂದು ಬರೆದುಬಿಡಬಹುದು. ತಿಳಿದವರು ಹುಡುಕುವುದು 28.3 ಡಿಗ್ರಿಯಲ್ಲಿ, ಪದರಗಳೆಲ್ಲ ಕೂಡಿ ತಳ್ಳುವ ಕಡೆ. (ನಾವು ನೀವು ಅಷ್ಟು ದೂರ ಹೋಗಬೇಕಾಗಿಲ್ಲ. ಪೊಟ್ಟಣದ ಹಿಂದಿನ ಪದಾರ್ಥಗಳ ಪಟ್ಟಿ ಓದಿದರೆ ಸಾಕು.)

1913ರಲ್ಲಿ ಲಾರೆನ್ಸ್ ಬ್ರಾಗ್ ಮೊದಮೊದಲು ಬಿಡಿಸಿದ ಹರಳುಗಳಲ್ಲಿ ಈ ಎರಡು ಉಪ್ಪುಗಳೂ ಇದ್ದವು. ಪೊಟ್ಯಾಸಿಯಂ ಉಪ್ಪಿನ ನಕ್ಷೆ ತೀರಾ ಸರಳವಾಗಿತ್ತು, ಹರಳಿನಲ್ಲಿ ಒಂದೇ ಬಗೆಯ ಪರಮಾಣು ಇದ್ದಂತೆ. ಸೋಡಿಯಂ ಉಪ್ಪಿನಲ್ಲಿ ಗಿಡ್ಡ ಗೆರೆಗಳು ಹೆಚ್ಚಿಗೆ ಕಂಡವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಒಳಗಿನ ಜೋಡಣೆ ಒಂದೇ ಎಂದು ಹೊಳೆಯಿತು. ತಂದೆ ವಿಲಿಯಂ ಬ್ರಾಗ್ ಜೊತೆ 1915ರ ನೊಬೆಲ್ ಬಂದಾಗ ಆತನಿಗೆ 25 ವರ್ಷ. ಉಪ್ಪಿನಲ್ಲಿ ಸೋಡಿಯಂ-ಕ್ಲೋರಿನ್ ಜೋಡಿಯ ‘ಅಣು’ ಎಂಬುದೇ ಇಲ್ಲ, ಚದುರಂಗದ ಮಣೆಯಂಥ ಜೋಡಣೆ ಮಾತ್ರ ಇದೆ ಎಂಬುದು ಹೀಗೆ ತಿಳಿದದ್ದು. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನ ವಿಜ್ಞಾನಿ 1927ರಲ್ಲೂ ಇದನ್ನು ಒಪ್ಪದೆ ‘ನೇಚರ್’ ಪತ್ರಿಕೆಯಲ್ಲಿ ಗೇಲಿ ಮಾಡಿದ್ದರು. ಅವರನ್ನು ನಗುವುದು ಬೇಡ, ‘ಉಪ್ಪಿನ ಅಣು’ ಎಂಬ ಮಾತು ನಮ್ಮ ಬಾಯಿಂದಲೂ ಇನ್ನೂ ಹೋಗಿಲ್ಲ.

ಬೇರೆ ಜೋಡಣೆಗೆ ಬೇರೆ ನಿಯಮ. ಕಬ್ಬಿಣದ ಗೂಡಿನ ನಡುವೆ ಇನ್ನೊಂದು ಪರಮಾಣು ಇರುವುದರಿಂದ ಅಲ್ಲಿ ಕಾಣೆಯಾಗುವ ಗೆರೆಗಳು ಬೇರೆ. ಕ್ವಾರ್ಟ್ಸ್‌ನಲ್ಲಿ ಪರಮಾಣುಗಳು ಸುರುಳಿ ಮೆಟ್ಟಿಲಿನಂತೆ ಏರುತ್ತವೆ, ಮೂರು ಮೆಟ್ಟಿಲಿಗೆ ಒಂದು ಸುತ್ತು. ಹಾಗಾಗಿ ಆ ದಿಕ್ಕಿನ ಮೊದಲ ಎರಡು ಗೆರೆಗಳು ಅಳಿದು ಮೂರನೆಯದಕ್ಕೆ ಮಾತ್ರ ಅವಕಾಶ. ರಾಮದುರ್ಗದ ಗುಡ್ಡಗಳ ಮರಳುಗಲ್ಲಿನಲ್ಲೂ, ‘ಶಕ್ತಿ ಇದೆ’ ಎಂದು ದುಬಾರಿಗೆ ಮಾರುವ ಸ್ಫಟಿಕದ ಮಣಿಯಲ್ಲೂ ಇರುವುದು ಇದೇ ಕ್ವಾರ್ಟ್ಸ್. ಪುಡಿ ಮಾಡಿದರೆ ಎರಡರದೂ ದೊಡ್ಡ ಗೆರೆ 26.6 ಡಿಗ್ರಿಯಲ್ಲೇ. ಮಣಿ ಬರೀ ಗಾಜಾಗಿದ್ದರೆ ಗೆರೆಯೇ ಇರದು, ಅಗಲವಾದ ಒಂದು ದಿಬ್ಬ ಮಾತ್ರ. ಗಾಜಿನೊಳಗೆ ಸಾಲಾಗಿ ನಿಂತ ಪದರಗಳಿಲ್ಲ.

ಗೆರೆ ಕಾಣದಿರಲು ಇನ್ನೊಂದು ಸಾದಾ ಕಾರಣವೂ ಇದೆ: ವಸ್ತು ತೀರಾ ಕಡಿಮೆ ಇರುವುದು. ಮಾಮೂಲಿ ಯಂತ್ರದಲ್ಲಿ ನೂರಕ್ಕೆ ಒಂದೆರಡು ಪಾಲಿಗಿಂತ ಕಡಿಮೆ ಇದ್ದದ್ದು ಕೈಗೆ ಸಿಗುವುದು ಕಷ್ಟ. ಹತ್ತು ಲಕ್ಷಕ್ಕೆ ಇಷ್ಟು ಪಾಲು ಎಂದು ಅಳೆಯುವ ಸೀಸ, ಆರ್ಸೆನಿಕ್‌ಗಳಂಥ ವಿಷವನ್ನು ಈ ನಕ್ಷೆಯಲ್ಲಿ ಹುಡುಕಿ ‘ಇಲ್ಲ’ ಎನ್ನುವುದು ತಪ್ಪು ತಕ್ಕಡಿಯಲ್ಲಿ ತೂಗಿದಂತೆ. ಅದಕ್ಕೆ ಬೇರೆ ಪರೀಕ್ಷೆಗಳಿವೆ.

ಗೆರೆಯನ್ನು ಬೇಕೆಂದೇ ಓಡಿಸಿ ನೋಡುವುದೂ ಉಂಟು. ಬೈಲಹೊಂಗಲ, ಸವದತ್ತಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು, ಮೇಲೆ ಕಟ್ಟಿದ ಗೋಡೆಯನ್ನೂ ಸೀಳುವುದು ಸ್ಮೆಕ್ಟೈಟ್ ಎಂಬ ಜೇಡಿಯಿಂದ. ಅದರ ಹಾಳೆಗಳ ನಡುವೆ ನೀರು ನುಗ್ಗುತ್ತದೆ. ಗಾಳಿಗೆ ಒಣಗಿದ ಮಾದರಿಯಲ್ಲಿ ಹಾಳೆಗಳ ಅಂತರ ಸುಮಾರು 15 ಆಂಗ್‌ಸ್ಟ್ರಾಮ್. ಆದರೆ ಅದೇ ಜಾಗದಲ್ಲಿ ಗೆರೆ ಕೊಡುವ, ಉಬ್ಬದ ಜೇಡಿಯೂ ಇದೆ. ಆದ್ದರಿಂದ ಮಾದರಿಗೆ ಎಥಿಲೀನ್ ಗ್ಲೈಕಾಲಿನ ಆವಿ ಹಿಡಿಸುತ್ತಾರೆ. ಸ್ಮೆಕ್ಟೈಟ್ ಆಗಿದ್ದರೆ ಗೆರೆ 17ಕ್ಕೆ ಸರಿಯುತ್ತದೆ, 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ 10ಕ್ಕೆ ಕುಸಿಯುತ್ತದೆ. ಮೊದಲಿದ್ದ ಜಾಗದಲ್ಲಿ ಈಗ ಗೆರೆ ಇಲ್ಲ ಎಂಬುದೇ ಇಲ್ಲಿ ಉಬ್ಬುವ ಜೇಡಿ ಇದೆ ಎಂಬುದಕ್ಕೆ ಸಾಕ್ಷಿ.