ದ್ವೀಪ ಚಿಕ್ಕದೆಂದು ಕಾನೂನು ಬೇಡವೇ?



ಪುಟ್ಟ ದ್ವೀಪ ರಾಷ್ಟ್ರಗಳಿಗೆ ಏಕಸ್ವಾಮ್ಯ ತಡೆಯುವ ಸ್ಪರ್ಧಾ ಕಾನೂನು ಬರೀ ಆಡಂಬರ, ಸರ್ಕಾರವೇ ಬೆಲೆ ಕಟ್ಟಿಬಿಟ್ಟರೆ ಸಾಕು ಎಂದು ನಿಮ್ಮ ಅಂಕಣಕಾರರು ಬರೆದಿದ್ದಾರೆ. ಅದಕ್ಕೆ ಜಮೈಕಾವನ್ನು ಸಾಕ್ಷಿಗೆ ಕರೆದಿದ್ದಾರೆ. ಅಲ್ಲಿ 1993ರಿಂದ ಕಾಯ್ದೆಯಿದೆ, ಫೇರ್ ಟ್ರೇಡಿಂಗ್ ಕಮಿಷನ್ ಎಂಬ ಆಯೋಗವಿದೆ, ಆದರೂ ದೊಡ್ಡ ಕಂಪನಿಗಳ ಕೂದಲೂ ಕೊಂಕಿಲ್ಲ ಎಂಬುದು ಅವರ ವಾದ. ಕೊಂಕದಂತೆ ಕಾಯ್ದೆ ಬರೆದವರು ಯಾರು ಎಂದು ಮಾತ್ರ ಅವರು ಕೇಳಿಲ್ಲ.

2006ರಲ್ಲಿ ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕ್‌ನಲ್ಲಿ ನಮ್ಮ ದ್ರಾವಿಡ್ 81 ಮತ್ತು 68 ಹೊಡೆದು, ಕುಂಬ್ಳೆ ಕೊನೆಯ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತು ಸರಣಿ ಗೆದ್ದದ್ದು ಓದುಗರಿಗೆ ನೆನಪಿರಬಹುದು. ಆಗ ವೆಸ್ಟ್ ಇಂಡೀಸ್ ತಂಡದ ಪ್ರಾಯೋಜಕ ಮೊಬೈಲ್ ಕಂಪನಿ ಡಿಜಿಸೆಲ್. ಐರಿಷ್ ಉದ್ಯಮಿ ಡೆನಿಸ್ ಒಬ್ರಿಯನ್ ಸ್ಥಾಪಿಸಿದ ಈ ಕಂಪನಿ 2001ರಲ್ಲಿ ಜಮೈಕಾಕ್ಕೆ ಬಂದಾಗ ಅಲ್ಲಿ ಕೇಬಲ್ ಆ್ಯಂಡ್ ವೈರ್‌ಲೆಸ್ ಕಂಪನಿಯದೇ ದರ್ಬಾರು. ಅದನ್ನು ಮುರಿದ ಶ್ರೇಯ ಡಿಜಿಸೆಲ್‌ಗೆ ಸಲ್ಲಲೇಬೇಕು. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಯಜಮಾನನಾಗಿ ಕುಳಿತಿತ್ತು. ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ಮಾಡುವ ಕರೆ ಎಷ್ಟು ದುಬಾರಿಯೆಂದರೆ, ಜನ ಜೇಬಿನಲ್ಲಿ ಎರಡೆರಡು ಫೋನ್ ಇಟ್ಟುಕೊಂಡು ಓಡಾಡುತ್ತಿದ್ದರು.

ಮೂರನೆಯವನಾಗಿ ದರ ಇಳಿಸಿ ಕಾದಾಡುತ್ತಿದ್ದದ್ದು ಮೆಕ್ಸಿಕೋದ ಅಮೆರಿಕಾ ಮೋವಿಲ್ ಕಂಪನಿಯ ಕ್ಲಾರೋ. 2011ರಲ್ಲಿ ಅಮೆರಿಕಾ ಮೋವಿಲ್ ಮತ್ತು ಡಿಜಿಸೆಲ್ ಕೊಡುಕೊಳ್ಳುವ ಮಾತಾಡಿಕೊಂಡವು: ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ನ ಡಿಜಿಸೆಲ್ ವ್ಯವಹಾರ ಮೆಕ್ಸಿಕೋದವರಿಗೆ, ಜಮೈಕಾದ ಕ್ಲಾರೋ ಡಿಜಿಸೆಲ್‌ಗೆ. ಜಮೈಕಾ ಸರ್ಕಾರ ಒಪ್ಪಿಗೆ ಕೊಟ್ಟಿತು. ಆಯೋಗಕ್ಕೆ ಅದನ್ನು ಮೊದಲೇ ತಡೆಯುವ ದಾರಿಯೇ ಇರಲಿಲ್ಲ. ಯಾಕೆಂದರೆ ಕಂಪನಿಗಳು ವಿಲೀನಕ್ಕೆ ಮುಂಚೆ ಆಯೋಗಕ್ಕೆ ತಿಳಿಸಿ ಅನುಮತಿ ಪಡೆಯಬೇಕು ಎಂಬ ಕಲಮೇ 1993ರ ಕಾಯ್ದೆಯಲ್ಲಿ ಇಲ್ಲ. ನಮ್ಮ ಕಂಪನಿಗಳು ಚಿಕ್ಕವು, ಹೊರಗಿನವರ ಎದುರು ನಿಲ್ಲಬೇಕಾದರೆ ಒಂದಾಗಿ ಬೆಳೆಯಲಿ ಎಂಬುದು ಕಾಯ್ದೆ ಬರೆದಾಗಿನ ಸಮಜಾಯಿಷಿ. ಆಯೋಗ ಕೋರ್ಟಿಗೆ ಹೋಯಿತು. 2012ರ ಆರಂಭದಲ್ಲೇ ಕ್ಲಾರೋ ನೆಟ್‌ವರ್ಕ್ ಸ್ಥಗಿತಗೊಂಡಿತು. ಡಿಜಿಸೆಲ್ ಬೇಡವೆಂದವರಿಗೆ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಆ ದೇಶಕ್ಕೆ ಬಂದದ್ದು 2015ರಲ್ಲಿ. ಇನ್ನು ಈ ಕಾಯ್ದೆ ಇಂಥ ಖರೀದಿಗೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಮೆಟ್ಟಿಲು ಹತ್ತಿ ಹತ್ತಿ ಅಂತಿಮ ಮೇಲ್ಮನವಿ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ತಲುಪಿ, ಅನ್ವಯಿಸುತ್ತದೆ ಎಂಬ ಉತ್ತರ ಸಿಕ್ಕಿದ್ದು 2017ರಲ್ಲಿ. ಆಯೋಗ ಗೆದ್ದಿತು. ಉಳಿಸಬೇಕಾಗಿದ್ದ ಕಂಪನಿ ಮುಚ್ಚಿ ಐದು ವರ್ಷವಾಗಿತ್ತು!

ಆಯೋಗಕ್ಕೆ ಇನ್ನೊಂದು ಪೆಟ್ಟು ಅದಕ್ಕೂ ಮುಂಚೆಯೇ ಬಿದ್ದಿತ್ತು. ಜಮೈಕಾ ಸ್ಟಾಕ್ ಎಕ್ಸ್‌ಚೇಂಜ್ ವಿರುದ್ಧದ ಪ್ರಕರಣದಲ್ಲಿ 2001ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ದೂರುದಾರನೂ ತನಿಖೆಗಾರನೂ ತೀರ್ಪುಗಾರನೂ ಒಂದೇ ಸಂಸ್ಥೆಯಾಗುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದಿತು. ತೀರ್ಪು ಸರಿಯಾದದ್ದೇ. ಆದರೆ ಅದರ ಬೆನ್ನಿಗೇ ಕಾಯ್ದೆ ತಿದ್ದಿ ವಿಚಾರಣೆಗೆ ಬೇರೆ ಪೀಠ ಮಾಡಬೇಕಾದವರು ಕೈಕಟ್ಟಿ ಕುಳಿತರು. ಆಯೋಗ ಪ್ರತಿಯೊಂದಕ್ಕೂ ಕೋರ್ಟಿನ ಬಾಗಿಲು ಕಾಯಬೇಕಾಯಿತು. ಕಾದು ಗೆದ್ದರೂ ಕಂಪನಿಯೊಂದಕ್ಕೆ ಬೀಳುವ ದಂಡ ಹೆಚ್ಚೆಂದರೆ 50 ಲಕ್ಷ ಜಮೈಕಾ ಡಾಲರ್, ಅಂದರೆ ನಮ್ಮ ಮೂವತ್ತು ಲಕ್ಷ ರೂಪಾಯಿಯ ಆಸುಪಾಸು. ಟೆಲಿಕಾಂ ಕಂಪನಿಗೆ ಇದು ಜಾಹೀರಾತಿನ ಚಿಲ್ಲರೆ ಖರ್ಚು.

ಬೆಲೆ ಕಟ್ಟುವ ಮದ್ದನ್ನೂ ಜಮೈಕಾ ನುಂಗಿ ನೋಡಿದೆ. 1970ರ ದಶಕದಲ್ಲಿ ಮೈಕೆಲ್ ಮ್ಯಾನ್ಲಿ ಪ್ರಧಾನಿಯಾಗಿದ್ದಾಗ ಬೆಲೆ ನಿಯಂತ್ರಣವಿತ್ತು, ವಿದೇಶಿ ವಿನಿಮಯ ಬತ್ತಿ ಅಂಗಡಿಗಳಲ್ಲಿ ಸರಕೂ ಇರಲಿಲ್ಲ. ಸುಲಭಕ್ಕೆ ಸಿಗದ ಸಾಮಾನು ಕೇಳಿದವರಿಗೆ ಅಂಗಡಿಯವರು ಯಾರಿಗೂ ಬೇಡದ ಇನ್ನೊಂದನ್ನೂ ಸೇರಿಸಿ ಮಾರುತ್ತಿದ್ದರು. ಅಕ್ಕಿ ಬೇಕಾದರೆ ಸೋಪೂ ತಗೊಳ್ಳಿ ಎನ್ನುವ ನಮ್ಮ ಕೆಲವು ನ್ಯಾಯಬೆಲೆ ಅಂಗಡಿಗಳ ಗಿರಾಕಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ಗಂಟುಹಾಕಿ ಮಾರುವುದನ್ನು ನಿಷೇಧಿಸಿದ್ದು ಅಂಕಣಕಾರರು ಆಡಂಬರವೆಂದ ಅದೇ 1993ರ ಕಾಯ್ದೆ.

ಅವರ ಒಂದು ಮಾತನ್ನು ಒಪ್ಪುತ್ತೇನೆ. ಮೂವತ್ತು ಲಕ್ಷವನ್ನೂ ಮುಟ್ಟದ ಜನಸಂಖ್ಯೆಯಲ್ಲಿ ಎಲ್ಲ ಸರಕಿಗೂ ನಾಲ್ಕು ಕಾರ್ಖಾನೆ ನಿಲ್ಲುವುದಿಲ್ಲ. ಕಿಂಗ್‌ಸ್ಟನ್ನಿನ ರಾಕ್‌ಫೋರ್ಟ್‌ನಲ್ಲಿರುವ ಕೆರಿಬಿಯನ್ ಸಿಮೆಂಟ್ ಆಗ ದೇಶಕ್ಕೆಲ್ಲ ಒಂದೇ ಸಿಮೆಂಟ್ ಕಾರ್ಖಾನೆ. 2006ರಲ್ಲಿ ಅಲ್ಲಿಂದ ಕಳಪೆ ಸಿಮೆಂಟ್ ಹೊರಬಿದ್ದು, ಹಿಂದೆ ಪಡೆದು, ಮುಂದಿನ ವರ್ಷದ ಕ್ರಿಕೆಟ್ ವಿಶ್ವಕಪ್‌ಗೆ ಕ್ರೀಡಾಂಗಣ ಕಟ್ಟುತ್ತಿದ್ದ ಹೊತ್ತಿಗೇ ದೇಶದಲ್ಲಿ ಸಿಮೆಂಟಿಗೆ ಬರ ಬಂತು. ಆ ಕಾರ್ಖಾನೆಯನ್ನು ಎರಡಾಗಿ ಒಡೆದಿದ್ದರೆ ಪ್ರಯೋಜನವಿರಲಿಲ್ಲ, ಬೆಲೆ ಕಟ್ಟಿದ್ದರೆ ಒಂದು ಚೀಲವೂ ಹೆಚ್ಚುತ್ತಿರಲಿಲ್ಲ. ಸರ್ಕಾರ ಆಮದು ಸುಂಕ ಬಿಟ್ಟು ಹೊರಗಿನ ಸಿಮೆಂಟಿಗೆ ಬಂದರು ತೆರೆಯಬೇಕಾಯಿತು. ದ್ವೀಪದ ಸ್ಪರ್ಧಾ ಆಯೋಗಕ್ಕೆ ಸುಂಕದ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ಇರಬೇಕು ಎನ್ನುವುದು ಇದಕ್ಕೇ.

ಅದೇ ಕೆರಿಬಿಯನ್ನಿನ ಟ್ರಿನಿಡಾಡ್ ವಿಲೀನದ ಕಲಮನ್ನು ಸೇರಿಸಿಯೇ 2006ರಲ್ಲಿ ಕಾಯ್ದೆ ಮಾಡಿತು, ಆದರೆ ಪೂರ್ತಿ ಜಾರಿಗೆ ತಂದದ್ದು 2020ರಲ್ಲಿ. ಅಂಕಣಕಾರರಿಗೆ ಸಿಟ್ಟು ಬರಬೇಕಾದದ್ದು ಈ ಹದಿನಾಲ್ಕು ವರ್ಷಗಳ ಮೇಲೆ.

– ಒಬ್ಬ ಓದುಗ, ಶಿವಮೊಗ್ಗ