ಹಂಪಿಗೆ ಹೋಗೋಕೆ ನನ್ನ ಬಳೆ ಯಾಕೆ?

ಹೋದ ವಾರ ಕೆ.ಆರ್. ಪುರದಿಂದ ನನ್ನ ತಂಗಿ ಬಂದಿದ್ಲು. ಕಾಫಿ ಕುಡಿದು, ಊರ ಸುದ್ದಿಯೆಲ್ಲ ಮುಗಿಸಿ, ಮೆಲ್ಲಗೆ ನನ್ನ ಕೈ ಹಿಡ್ಕೊಂಡು ಬಳೆ ತಿರುಗಿಸ್ತಾ ಕೂತ್ಲು. "ಅಕ್ಕ, ಆರೇ ತಿಂಗಳು. ಅಡ ಇಟ್ಟು ಬಿಡಿಸ್ಕೊಡ್ತೀನಿ" ಅಂದ್ಲು. ಮಗನಿಗೆ ಗಾಡಿ ಬೇಕಂತೆ. ಮೊದಲು ಹಂಪಿ, ಆಮೇಲೆ ಗೋಕರ್ಣ, ಮುಂದೆ ಲಡಾಖ್. ಅವನು ಕೂಡಿಟ್ಟಿರೋದು ಒಂದು ಲಕ್ಷ. 350 ಸಿಸಿ ಗಾಡಿ ರಸ್ತೆಗಿಳಿಯೋ ಹೊತ್ತಿಗೆ ಎರಡು ಲಕ್ಷ ದಾಟುತ್ತೆ. ಮಿಕ್ಕಿದ್ದು ನನ್ನ ಕೈಯಿಂದ ಬರಬೇಕು.

"ಆ ಒಂದು ಲಕ್ಷಕ್ಕೆ ಸ್ಪ್ಲೆಂಡರ್ ಥರದ್ದು ಸಾಲ ಇಲ್ಲದೆ ಬರುತ್ತಲ್ಲೇ" ಅಂದೆ. "ಅದು ಹಾಲು ತರೋಕೆ ಅಕ್ಕ, ದೂರ ಹೋಗೋಕಲ್ಲ. ಭಾರ ಇದ್ರೆ ಗಾಡಿ ಗಟ್ಟಿ, ಮಗ ಕ್ಷೇಮ" ಅಂದ್ಲು. ಈ ಮಾತು ನಿಮ್ಮಲ್ಲೂ ಎಷ್ಟೋ ಜನ ಆಡಿದ್ದನ್ನ ನಾನೇ ಕೇಳಿದ್ದೀನಿ. ಅದಕ್ಕೇ ಬರೀತಿದ್ದೀನಿ.

ಭಾರ ಇದ್ರೆ ಕ್ಷೇಮ ಅನ್ನೋದು ಬೀರುವಿಗೆ ಸರಿ ಕಣ್ರೀ. ಕ್ಲಾಸಿಕ್ 350 ತೂಕ 195 ಕೆಜಿ. ಸ್ಪ್ಲೆಂಡರ್ 112. ನಮ್ಮ ಹುಡುಗ ಐವತ್ತೈದು ಕೆಜಿ, ಊಟ ಮಾಡಿದ ಮೇಲೆ. ಮರಳು ಬಿದ್ದ ತಿರುವಲ್ಲಿ ಗಾಡಿ ಒರಗಿದ್ರೆ ಒಬ್ಬನೇ ಎತ್ತಬೇಕಲ್ಲ, ಯಾವುದನ್ನ ಎತ್ತುತ್ತಾನೆ? ಅಷ್ಟು ದೂರ ಯಾಕೆ, ಅವರ ಓಣೀಲಿ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡೋಕೆ ಗಾಡಿ ಪಕ್ಕಕ್ಕೆ ತಳ್ಳೋಳು ಯಾರು? ಅವನಂತೂ ಎಂಟು ಗಂಟೆವರೆಗೆ ಏಳಲ್ಲ. ಮಂಡಿ ನೋವು ಅಂತ ಎಣ್ಣೆ ಹಚ್ಕೊಂಡು ಕೂರೋ ನನ್ನ ತಂಗೀನೇ!

ದೂರ ಹೋಗಲ್ಲ ಅಂತಾರಲ್ಲ, ಮೈಸೂರಿನ ಕೃಷ್ಣಕುಮಾರ್ ನೆನಪಿಲ್ವಾ? ಕೂಡು ಕುಟುಂಬದ ಅಡುಗೆಮನೇಲೇ ಆಯಸ್ಸು ಕಳೆದ ಅಮ್ಮ ಚೂಡಾರತ್ನಮ್ಮ, ಪಕ್ಕದ ಬೇಲೂರು ಹಳೇಬೀಡನ್ನೇ ನೋಡಿಲ್ಲ ಅಂದ್ರಂತೆ. ಮಗ ಕೆಲಸ ಬಿಟ್ಟು, ಅಪ್ಪ ಕೊಡಿಸಿದ್ದ 2000ನೇ ಇಸವಿಯ ಬಜಾಜ್ ಚೇತಕ್ ಸ್ಕೂಟರಲ್ಲೇ ಅವರನ್ನ ಹಿಂದೆ ಕೂರಿಸ್ಕೊಂಡು 2018ರ ಜನವರೀಲಿ ಹೊರಟರು. ನೇಪಾಳ, ಭೂತಾನ್, ಮ್ಯಾನ್ಮಾರ್ ಎಲ್ಲ ಸೇರಿ 56,522 ಕಿಲೋಮೀಟರ್ ಸುತ್ತಿ, ಮೈಸೂರಿಗೆ ಮರಳಿದ್ದು 2020ರ ಸೆಪ್ಟೆಂಬರಲ್ಲಿ. ಅದು ಸ್ಕೂಟರು, ಬೈಕಲ್ಲ ಅಂತ ತಕರಾರು ತೆಗೀಬೇಡಿ. ಪುಟ್ಟ ಚಕ್ರದ ಹಳೇ ಸ್ಕೂಟರೇ ಎಪ್ಪತ್ತರ ಆಸುಪಾಸಿನ ತಾಯೀನ ಅಷ್ಟು ದೂರ ಹೊತ್ಕೊಂಡು ಹೋಗಿರೋವಾಗ, ಹೊಸ ಬೈಕು ಹಂಪಿಗೆ ಹೋಗಲ್ವಾ?

ನಮ್ಮ ಮನೇದೇ ಹೇಳ್ತೀನಿ. 1996ರಲ್ಲಿ ನಮ್ಮೆಜಮಾನ್ರ ಸಿಡಿ 100ರಲ್ಲಿ ಹಲಸೂರಿಂದ ಕುರುಡುಮಲೆ ಗಣಪತಿಗೆ ಹೋಗಿದ್ವಿ. ಆಗ ಕೆ.ಆರ್. ಪುರದ ತೂಗುಸೇತುವೆ ಇನ್ನೂ ಇರ್ಲಿಲ್ಲ. ನಾವಿಬ್ಬರು, ಮಧ್ಯೆ ಮಗು, ಟ್ಯಾಂಕಿನ ಮೇಲೆ ಬುತ್ತಿ. (ಮೂರು ಜನ ಕೂತಿದ್ದು ತಪ್ಪೇ, ಈಗ ಯಾರಾದ್ರೂ ಹಾಗೆ ಹೋದ್ರೆ ನಾನೇ ಬೈತೀನಿ.) ಕೋಲಾರದಲ್ಲಿ ಟೀ, ಮುಳಬಾಗಿಲಲ್ಲಿ ದೋಸೆ, ಸಂಜೆಗೆ ಮನೆ.

ಲೆಕ್ಕಾನೂ ಹಾಕೋಣ. ಇಲ್ಲಿಂದ ಹಂಪಿಗೆ ಸುಮಾರು 340 ಕಿಲೋಮೀಟರ್. ಸ್ಪ್ಲೆಂಡರ್ ಟ್ಯಾಂಕಿಗೆ 9.8 ಲೀಟರ್ ಹಿಡಿಯುತ್ತೆ. ಲೀಟರಿಗೆ ಅರವತ್ತು ಅಂದ್ರೂ ಒಂದೇ ಟ್ಯಾಂಕಲ್ಲಿ ಹೋಗಿ, ವಾಪಸ್ ಬರೋವಾಗ ಅರ್ಧ ದಾರಿ ಮೀರಿ ಬರಬಹುದು. ಶಿರಾ ಹತ್ರ ಕೆಟ್ಟು ನಿಂತ್ರೆ ಯಾವ ಹೋಬಳಿ ಮೆಕ್ಯಾನಿಕ್ಕಾದ್ರೂ ಕಣ್ಮುಚ್ಕೊಂಡು ಬಿಚ್ತಾನೆ, ಸಾಮಾನೂ ಸಿಗುತ್ತೆ. ವೇಗ ಬೇಕು ಅಂತೀರಾ? ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳನ್ನೇ ಬಿಡ್ತಿಲ್ಲ. ಎರಡು ಲಕ್ಷದ್ದೂ ಸರ್ವಿಸ್ ರಸ್ತೆಯಲ್ಲೇ, ಒಂದು ಲಕ್ಷದ್ದೂ ಅಲ್ಲೇ.

ಹಾಗಂತ ಸಣ್ಣ ಗಾಡೀಲಿ ಕೊರತೆ ಇಲ್ಲ ಅಂತ ನಾನು ಹೇಳಲ್ಲ. 2019ರಲ್ಲಿ 125 ಸಿಸಿ ದಾಟಿದವಕ್ಕೆ ಎಬಿಎಸ್ ಬ್ರೇಕ್ ಕಡ್ಡಾಯ ಮಾಡಿದಾಗ ಸಣ್ಣವನ್ನ ಬಿಟ್ಟುಬಿಟ್ರು. ಎಬಿಎಸ್ ಇಲ್ಲದ ಗಾಡೀಲಿ ಮಳೇಲಿ ಗಾಬರಿಯಿಂದ ಬ್ರೇಕ್ ಹಿಡಿದ್ರೆ ಚಕ್ರ ಜಾರುತ್ತೆ. ಇದು ನಿಜವಾದ ಕೊರತೆ, ನಾನು ಮುಚ್ಚಿಡಲ್ಲ. ಚಿತ್ರದುರ್ಗದ ಕಡೆ ಗಾಳಿಗೆ, ಲಾರಿ ಹಾದು ಹೋದಾಗ, ಗಾಡಿ ಅಲ್ಲಾಡುತ್ತೆ. ಇಬ್ಬರು ದಪ್ಪದವರು ಕೂತು ಘಾಟಿ ಹತ್ತಿದ್ರೆ ಏದುಸಿರು ಬಿಡುತ್ತೆ. ಅದಕ್ಕೇ ಐವತ್ತೈದರಲ್ಲಿ ಹೋಗು, ಬೆಳಿಗ್ಗೆ ಐದಕ್ಕೆ ಹೊರಡು, ಕತ್ತಲಾದ ಮೇಲೆ ಓಡಿಸಬೇಡ ಅನ್ನೋದು. ಕೈಯಲ್ಲಿ ದೊಡ್ಡ ಇಂಜಿನ್ ಇದ್ದು, ಜೊತೆಗೆ ನಾಲ್ಕು ಜನ ಫ್ರೆಂಡ್ಸ್ ಇದ್ರೆ ಐವತ್ತೈದರಲ್ಲಿ ಯಾರು ಹೋಗ್ತಾರೆ, ನೀವೇ ಹೇಳಿ.

ಇದನ್ನೆಲ್ಲ ತಂಗಿಗೆ ಹೇಳಿದ್ದೆ. ಮುಖ ಊದಿಸ್ಕೊಂಡು ಹೋದ್ಲು. ಮೊನ್ನೆ ಹುಡುಗನೇ ಫೋನ್ ಮಾಡಿದ. ಅರ್ಧ ಗಂಟೆ ಟಾರ್ಕು, ಪಿಕಪ್ಪು ಅಂತೆಲ್ಲ ಪಾಠ ಮಾಡಿ ಕೊನೆಗೆ ಸಣ್ಣ ದನೀಲಿ, "ದೊಡ್ಡಮ್ಮ, ಅದರಲ್ಲಿ ಹೋದ್ರೆ ಎಲ್ಲ ನಗ್ತಾರೆ" ಅಂದ.

ನೋಡಿದ್ರಾ? ನನ್ನ ಬಳೆ ಅಡ ಇಡಬೇಕಿದ್ದಿದ್ದು ಇದಕ್ಕೆ. ನನ್ನಮ್ಮ ಚೀಟಿ ಕಟ್ಟಿ ಮಾಡಿಸಿದ ಬಳೆ. ನಗೋರು ಕಂತು ಕಟ್ತಾರಾ, ಬಡ್ಡಿ ಕಟ್ತಾರಾ?

ಕೊಡಲ್ಲ ಅಂತ ಅವನಿಗೂ ಹೇಳಿದೆ. ಬಳೆ ಬದಲು ಐಎಸ್ಐ ಗುರುತಿರೋ ಒಳ್ಳೇ ಹೆಲ್ಮೆಟ್ಟು, ಮಳೆಕೋಟು ನಾನೇ ಕೊಡಿಸ್ತೀನಿ, ಶನಿವಾರ ಶಿವಾಜಿನಗರಕ್ಕೆ ಬಾ ಅಂದಿದ್ದೀನಿ. "ನೋಡ್ತೀನಿ ದೊಡ್ಡಮ್ಮ" ಅಂದಿದ್ದಾನೆ.